ಹೆಪ್ಪಿಗೆ ಬಿಟ್ಟ ಎಣ್ಣೆ

ಮೊದಲು ಕಾಲಕ್ರಮ. ನನಗೆ ಈಗ ಹದಿನಾಲ್ಕು ವರ್ಷ. ಅದರಲ್ಲಿ ಮೊದಲ ಮೂರು ವರ್ಷ ಹುಬ್ಬಳ್ಳಿಯ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಳೆದವು. ಆಮೇಲಿನ ಎಂಟು ವರ್ಷ ಇಳಕಲ್ಲಿನ ಗುರುಪಾದಪ್ಪನ ಲಾರಿಯಲ್ಲಿ. ಕೊನೆಯ ಮೂರು ವರ್ಷ ಅದೇ ಊರಿನ ಮಾನಪ್ಪ ಮೇಸ್ತ್ರಿಯ ಶೆಡ್ಡಿನ ಗೋಡೆಗೆ ಹೊಡೆದ ಒಂದು ಮೊಳೆಯಲ್ಲಿ. ಹೇಳಬೇಕಾದ ಸಂಗತಿ ನಡೆದದ್ದು ಹನ್ನೊಂದನೆಯ ವರ್ಷದ ಮಾಘ ಮಾಸದಲ್ಲಿ, ಒಂದು ಸೋಮವಾರದಿಂದ ಗುರುವಾರದವರೆಗೆ. ಉಳಿದದ್ದನ್ನು ಅದರ ಹಿಂದೆ ಮುಂದೆ ಹೊಂದಿಸಿಕೊಂಡರೆ ಸಾಕು.

ನಾನು ಒಂದು ಡ್ರೈನ್ ಪ್ಲಗ್. ಉಕ್ಕಿನ ಸರಳನ್ನು ಹೆಬ್ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿ, ಮೈಗೆ ಥ್ರೆಡ್ ಕೊರೆದು, ತಲೆಗೆ ಆರು ಮುಖ ಕೊಟ್ಟು, ತುದಿಯಲ್ಲಿ ಹುಣಸೆ ಬೀಜದಷ್ಟು ಅಯಸ್ಕಾಂತವನ್ನು ಕೂರಿಸಿ ನನ್ನನ್ನು ಮಾಡಿದರು. ಇಷ್ಟಕ್ಕೆಲ್ಲ ಯಂತ್ರಕ್ಕೆ ನಾಲ್ಕು ನಿಮಿಷ ಹಿಡಿಯಿತು. ಲಾರಿಯ ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಒಂದು ಕಬ್ಬಿಣದ ಹೊಟ್ಟೆ ಇರುತ್ತದೆ. ಎಂಜಿನ್ನಿನ ಶಕ್ತಿಯನ್ನು ಗಾಲಿಗಳಿಗೆ ತಿರುಗಿಸಿ ಕೊಡುವ ಹಲ್ಲಿನ ಚಕ್ರಗಳು ಅದರೊಳಗಿವೆ. ಡ್ರೈವರುಗಳು ಅದನ್ನೆಲ್ಲ ಸೇರಿಸಿ ಕ್ರೌನ್ ಎನ್ನುತ್ತಾರೆ. ಆ ಚಕ್ರಗಳು ಎಂಟು ಲೀಟರ್ ಎಣ್ಣೆಯಲ್ಲಿ ಮುಳುಗಿ ಓಡುತ್ತವೆ. ಹೊಟ್ಟೆಯ ತೀರ ತಳದ ತೂತಿಗೆ ಮುಚ್ಚಳ ನಾನು.

ನನಗೆ ಎರಡು ಕೆಲಸ. ಎಣ್ಣೆ ಸೋರದಂತೆ ತಡೆಯುವುದು ಮೊದಲನೆಯದು. ಹಲ್ಲುಗಳು ಸವೆದು ಉದುರುವ ಕಬ್ಬಿಣದ ಪುಡಿಯನ್ನು ಹಿಡಿದಿಟ್ಟುಕೊಳ್ಳುವುದು ಎರಡನೆಯದು. ಪುಡಿ ಎಷ್ಟು ನುಣುಪು, ಎಷ್ಟು ದಪ್ಪ ಎಂಬುದನ್ನು ನೋಡಿದರೆ ಒಳಗಿನ ಚಕ್ರಗಳ ಸ್ಥಿತಿ ತಿಳಿಯುತ್ತದೆ. ಅಂದರೆ ನಾನು ಒಂದು ವರದಿ. ಓದುವವರು ಮಾತ್ರ ಸಿಗಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಾನಿದ್ದ ಜಾಗದಿಂದ ಮನುಷ್ಯರು ಮೊಣಕಾಲಿನವರೆಗೆ ಮಾತ್ರ ಕಾಣುತ್ತಿದ್ದರು. ಅದರ ಮೇಲೆ ಅವರಿಗೆ ಏನಿದೆಯೋ ತಿಳಿದಿರಲಿಲ್ಲ. ಅವರ ನಿರ್ಧಾರಗಳನ್ನು ನೋಡಿದಾಗ ಹೆಚ್ಚೇನೂ ಇರಲಾರದು ಎಂದು ತೋರುತ್ತಿತ್ತು.

ಹುಬ್ಬಳ್ಳಿಯ ಕಂಪನಿಯಲ್ಲಿ ಇಪ್ಪತ್ತೆರಡು ಲಾರಿಗಳಿದ್ದವು. ಅಲ್ಲಿ ಗೋಡೆಗೆ ತೂಗುಹಾಕಿದ ಒಂದು ಹಲಗೆಯೇ ಎಲ್ಲವನ್ನೂ ತೀರ್ಮಾನಿಸುತ್ತಿತ್ತು. ಇಷ್ಟು ಕಿಲೋಮೀಟರ್ ಆಯಿತೆಂದರೆ ಎಣ್ಣೆ ಬದಲು. ಸಹಿ ಬಿತ್ತೆಂದರೆ ಕೆಲಸ ಮುಗಿಯಿತು. ಮೂರು ವರ್ಷಗಳಲ್ಲಿ ನನ್ನನ್ನು ಐದು ಸಲ ಬಿಚ್ಚಿದರು. ಬಿಚ್ಚಿದವನು ಪ್ರತಿ ಸಲವೂ ಬೇರೆ ಯಾರೊಡನೆಯೋ ಮಾತನಾಡುತ್ತ, ನನ್ನ ಕಡೆ ತಿರುಗಿಯೂ ನೋಡದೆ, ಒಂದು ಹಳೆಯ ಬನಿಯನ್ನಿನ ತುಂಡಿನಿಂದ ನನ್ನನ್ನು ಒರೆಸಿ ಮತ್ತೆ ತಿರುಗಿಸುತ್ತಿದ್ದ. ನಾನು ಹಿಡಿದಿಟ್ಟ ವರದಿ ಬನಿಯನ್ನಿನೊಂದಿಗೆ ಕಸದ ಡಬ್ಬಕ್ಕೆ ಹೋಗುತ್ತಿತ್ತು. ಆದರೂ ಅದು ನನ್ನ ಬಾಳಿನ ಅತ್ಯಂತ ಸ್ವಚ್ಛವಾದ ಕಾಲ ಎಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ನಾಲ್ಕನೆಯ ವರ್ಷ ಲಾರಿಯನ್ನು ಗುರುಪಾದಪ್ಪ ಕೊಂಡ. ಇಳಕಲ್ಲಿನ ಕೆಂಪು ಗ್ರಾನೈಟ್ ಚಪ್ಪಡಿಗಳನ್ನು ದೂರದ ಊರುಗಳಿಗೆ ಸಾಗಿಸುವುದು ಅವನ ಉದ್ಯೋಗ. ಇದ್ದದ್ದು ಒಂದೇ ಲಾರಿ. ಓಡಿಸುವವನು ದಾವಲಸಾಬ್. ಗುರುಪಾದಪ್ಪ ನನಗೆ ಮೊದಲು ಕಂಡದ್ದು ಎಣ್ಣೆ ಕುಡಿದು ಕಪ್ಪಾದ ಒಂದು ಜೊತೆ ಕೊಲ್ಹಾಪುರಿ ಚಪ್ಪಲಿಯಾಗಿ. ಎಣ್ಣೆ ಬದಲಿಸಲು ಅವನು ಲಾರಿಯನ್ನು ಮಾನಪ್ಪ ಮೇಸ್ತ್ರಿಯ ಶೆಡ್ಡಿಗೆ ತರಿಸಿದ್ದ. ಮಾನಪ್ಪ ನನ್ನನ್ನು ಬಿಚ್ಚುವ ಪಾನಾ ಹಿಡಿದು ಲಾರಿಯ ಕೆಳಗೆ ಬಂದು ಮಲಗಿದ್ದ. ಆಗ ಚಪ್ಪಲಿಗಳ ಮೇಲಿನಿಂದ ಮಾತು ಕೇಳಿಸಿತು.

"ಮಾಮಾ, ಪೂರ್ತಿ ತಗೀಬ್ಯಾಡ. ಒಂದೀಟು ಹೆಪ್ಪಿಗೆ ಬಿಡು."

"ಹೆಪ್ಪಿಗೆ?"

"ಹೌದಪಾ. ನಮ್ಮವ್ವ ನಲವತ್ತು ವರ್ಷ ಮೊಸರು ಮಾರ್ಯಾಳ. ಗಡಿಗಿ ತಳ ಎಂದೂ ಕಾಣಿಸಿಲ್ಲ. ಹಳೇದು ಒಂದೀಟು ಒಳಗ ಇದ್ರ ಹೊಸಾದು ಹೊಂದಿಕೋತೈತಿ. ಎಲ್ಲಾ ಬಸದು ಹಾಕಿದ್ರ ಕ್ರೌನ್ ಬೆದರತೈತಿ."

ಉಕ್ಕಿನ ಚಕ್ರ ಬೆದರುತ್ತದೆ ಎಂಬ ಸಿದ್ಧಾಂತವನ್ನು ನಾನು ಕೇಳಿದ್ದು ಅದೇ ಮೊದಲು. ಮಾನಪ್ಪ ನಗುತ್ತಾನೆಂದು ನಿರೀಕ್ಷಿಸಿದೆ. ಅವನು ನಗಲಿಲ್ಲ, ಲಾರಿಯ ಕೆಳಗಿನಿಂದ ಎದ್ದು ಹೊರಗೆ ಹೋದ. ಆ ಸಿದ್ಧಾಂತದಿಂದ ಅವನಿಗೊಂದು ಅನುಕೂಲವಿತ್ತು. ತಳದ ಎಣ್ಣೆ ಉಳಿಯಬೇಕೆಂದಾದರೆ ನನ್ನನ್ನು ಬಿಚ್ಚುವ ಅಗತ್ಯವಿಲ್ಲ, ಬೆನ್ನಿಗೆ ಧೂಳು ಹತ್ತಿಸಿಕೊಂಡು ಮಲಗುವ ಅಗತ್ಯವೂ ಇಲ್ಲ. ಎಣ್ಣೆ ತುಂಬುವ ಮೇಲಿನ ತೂತಿನಿಂದ ಒಂದು ಪೈಪು ಇಳಿಬಿಟ್ಟು, ಕೈಪಂಪಿನಿಂದ ಐದೂವರೆ ಲೀಟರ್ ಎಳೆದು, ಅಷ್ಟೇ ಹೊಸ ಎಣ್ಣೆ ಸುರಿದ. ತಳದಲ್ಲಿ ಎರಡೂವರೆ ಲೀಟರ್ ಉಳಿಯಿತು. ಎಷ್ಟು ಕಸವಿದ್ದರೂ ಇರುವುದು ತಳದಲ್ಲಿಯೇ ಎಂಬ ಸರಳ ಸಂಗತಿ ಒಬ್ಬ ಮೊಸರಿನವಳ ಮಗನಿಗೂ ಒಬ್ಬ ಮೇಸ್ತ್ರಿಗೂ ಹೊಳೆಯಲಿಲ್ಲ.

ಎಂಟು ವರ್ಷ ಹೀಗೆಯೇ ನಡೆಯಿತು. ಗೇರ್‌ಬಾಕ್ಸಿನ ಎಣ್ಣೆಗೂ ಇದೇ ಮರ್ಯಾದೆ. ನನ್ನ ತುದಿಯ ಅಯಸ್ಕಾಂತ ಅವನ ಕೈಗೆ ಬಂದ ಎರಡನೆಯ ವರ್ಷಕ್ಕೇ ತುಂಬಿಹೋಗಿತ್ತು. ಆಮೇಲೆ ಉದುರಿದ ಪುಡಿಯನ್ನು ಹಿಡಿಯಲು ನನ್ನಲ್ಲಿ ಜಾಗವಿರಲಿಲ್ಲ. ಅದು ಎಣ್ಣೆಯೊಂದಿಗೆ ಸುತ್ತುತ್ತ ಹಲ್ಲುಗಳನ್ನು ತಾನೇ ಉಜ್ಜತೊಡಗಿತು. ಗುರುಪಾದಪ್ಪ ಮಾತ್ರ ಚಹಾದಂಗಡಿಯ ಮುಂದೆ ಲಾರಿ ನಿಂತಾಗಲೆಲ್ಲ ಸುತ್ತಲಿನವರಿಗೆ ಹೇಳುತ್ತಿದ್ದ: "ನಮ್ಮ ಕ್ರೌನಿನ ಪ್ಲಗ್ ಒಂದ್ ಹನಿ ಸೋರಿಲ್ಲ ನೋಡ್ರಿ!" ಬಿಚ್ಚದ ಪ್ಲಗ್ ಸೋರುವುದಿಲ್ಲ. ಹೊತ್ತಿಸದ ಒಲೆ ಹೊಗೆಯಾಡುವುದಿಲ್ಲ ಎಂದು ಯಾರೂ ಒಲೆಯನ್ನು ಹೊಗಳುವುದಿಲ್ಲ. ಇವನು ಹೊಗಳುತ್ತಿದ್ದ.

ಇನ್ನು ದಾವಲಸಾಬ್. ಅವನನ್ನೂ ನಾನು ಪೂರ್ತಿ ಬಿಟ್ಟುಬಿಡುವವನಲ್ಲ. ಹಿಂದಿನಿಂದ ಗುಂಯ್ ಎಂಬ ಸಪ್ಪಳ ಅವನ ಕಿವಿಗೆ ಬಿದ್ದದ್ದು ಒಂಬತ್ತನೆಯ ವರ್ಷದಲ್ಲಿ. ಅವನು ಟೇಪಿನ ದನಿ ಏರಿಸಿದ. ಎರಡು ವರ್ಷ ಅದೇ ಅವನ ಚಿಕಿತ್ಸೆಯಾಗಿತ್ತು. ಬಯಲು ದಾರಿಯಲ್ಲಿ ಲಾರಿ ನಿಂತರೆ ನಿಂತೀತು, ಮರದ ಕೆಳಗೆ ಮಲಗಿದರಾಯಿತು ಎಂಬುದು ಅವನ ಎಣಿಕೆ. ಹನ್ನೊಂದನೆಯ ವರ್ಷ ಗುರುಪಾದಪ್ಪನಿಗೆ ಮಂಗಳೂರು ಬಂದರಿಗೆ ಚಪ್ಪಡಿ ಒಯ್ಯುವ ಕೆಲಸ ದೊರೆಯಿತು. ದಾರಿಯಲ್ಲಿ ಅರಬೈಲು ಘಾಟಿ. ಆಗ ಎಣಿಕೆ ಬದಲಾಯಿತು.

ಆ ಮಾತುಕತೆ ನಡೆದದ್ದು ಸೋಮವಾರ ಮುಂಜಾನೆ, ಗುರುಪಾದಪ್ಪನ ಮನೆಯ ಮುಂದೆ, ಹಿಂದಿನ ಗಾಲಿಯ ಪಕ್ಕದಲ್ಲಿ.

"ಸಾವ್ಕಾರ್ರ, ಕ್ರೌನ್ ಅಳಾಕ್ಹತ್ತೈತಿ. ನಲವತ್ತರ ಮ್ಯಾಲೆ ಹೋದ್ರ ಸಾಕು, ಹಸುಗೂಸು ಚೀರಿದಂಗ ಚೀರತೈತಿ."

"ಟೇಪ್ ಸ್ವಲ್ಪ ಜೋರ್ ಇಡು."

"ಎರಡು ವರ್ಷ ಅದನ್ನಾ ಮಾಡೀನ್ರಿ. ಈಗ ಟೇಪಿನ ದನಿ ಮೀರೈತಿ." ದಾವಲಸಾಬ್ ಕಾಲಿನಿಂದ ನೆಲ ಕೆದರಿದ. "ಘಾಟ್ ಇಳಿಯೂ ಮುಂದ ಬರೇ ಬ್ರೇಕ್ ಮ್ಯಾಲೆ ಗಾಡಿ ನಿಲ್ಲಂಗಿಲ್ರಿ, ಗೇರಿನ್ಯಾಗ ಹಿಡೀಬೇಕು. ಕ್ರೌನಿನ ಹಲ್ಲು ಮುರೀತಂದ್ರ ಗೇರ್ ಇದ್ದೂ ಇಲ್ದಂಗ. ಹದಿನಾರು ಟನ್ ಕಲ್ಲು ನನ್ನ ಬೆನ್ನ ಹಿಂದ ಇರತೈತಿ. ಮನ್ಯಾಗ ಹೇಣ್ತಿ, ಎರಡು ಹೆಣ್ಮಕ್ಕಳು ಅದಾರ. ಎಣ್ಣಿ ಪೂರ್ತಿ ತಗದು ಒಳಗ ಏನಾಗೈತಿ ನೋಡಿಸ್ರಿ. ಇಲ್ಲಂದ್ರ ಚಾವಿ ತಗೋರಿ, ನಾ ಒಯ್ಯಂಗಿಲ್ಲ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡು ವರ್ಷ ತಡವಾಗಿತ್ತು, ಅಷ್ಟೇ. ಗುರುಪಾದಪ್ಪ ಒಪ್ಪಿದ. ಲಾರಿ ಶುಕ್ರವಾರ ಹೊರಡಬೇಕು. ಎಣ್ಣೆ ಬದಲಾಗಬೇಕು. ಎಲ್ಲಿ ಬದಲಿಸುವುದು ಎಂಬುದೊಂದೇ ಉಳಿದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಅವರು ಮೂರು ದಿನ ತೆಗೆದುಕೊಂಡರು. ನಾನು ಕೂಡ ಜೊತೆಯಲ್ಲಿಯೇ ಸುತ್ತಿದೆ, ಬೇರೆ ದಾರಿಯಿರಲಿಲ್ಲ.

ಸೋಮವಾರ ಮಧ್ಯಾಹ್ನ ಹೊಸಪೇಟೆಯ ಕಡೆಗಿದ್ದ, ಕಂಪನಿಯ ಫಲಕ ಹೊತ್ತ ದೊಡ್ಡ ವರ್ಕ್‌ಶಾಪಿಗೆ ಹೋದೆವು. ಹೊಳೆಯುವ ಚೂಪು ಬೂಟುಗಳು ಎದುರು ಬಂದವು. ಆ ಬೂಟುಗಳಲ್ಲಿ ಒಂದು ಮಡಿಕೆಯೂ ಇರಲಿಲ್ಲ. ಅವುಗಳ ಒಡೆಯ ಎಂದೂ ಮೊಣಕಾಲೂರಿ ಬಗ್ಗಿದವನಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

"ಸರ್, ನೀವು ಒಳಗಡೆ ಎ.ಸಿ. ರೂಮಲ್ಲಿ ಕೂತ್ಕೊಳ್ಳಿ. ಗಾಡಿ ಹತ್ರ ಕಸ್ಟಮರ್ಸ್ ಬರೋ ಹಾಗಿಲ್ಲ."

"ನನ್ನ ಗಾಡಿ ಹೊಟ್ಟಿ ಬಿಚ್ಚೂ ಮುಂದ ನಾ ಗಾಜಿನ ಹಿಂದ ಕುಂತು ಚಾ ಕುಡೀಬೇಕನು?"

"ರೂಲ್ಸ್ ಸರ್. ನೀವೇನೂ ಯೋಚ್ನೆ ಮಾಡ್ಬೇಡಿ. ಗೇರ್‌ಬಾಕ್ಸು, ಕ್ರೌನು ಎರಡೂ ಪೂರ್ತಿ ಡ್ರೈನ್ ಮಾಡ್ತೀವಿ. ಒಂದು ಹನಿ ಬಿಡಲ್ಲ."

ಆ ಒಂದು ಹನಿಯೇ ಅಡ್ಡ ಬಂತು. ಕೊಲ್ಹಾಪುರಿ ಚಪ್ಪಲಿಗಳು ಒಂದು ಹೆಜ್ಜೆ ಹಿಂದೆ ಸರಿದವು.

"ಒಂದೀಟು ಬಿಡ್ರಲ್ಲ, ಹೆಪ್ಪಿಗೆ."

"ಯಾವುದಕ್ಕೆ ಸರ್?"

"ಹೆಪ್ಪಿಗ್ರೀ."

ಸ್ವಲ್ಪ ಹೊತ್ತು ಗಾಜಿನ ಮೇಲೆ ಬೆರಳು ಬಡಿಯುವ ಸಪ್ಪಳ ಕೇಳಿಸಿತು. ಬೂಟಿನವನು ಕೈಯಲ್ಲಿದ್ದ ಯಂತ್ರದಲ್ಲಿ ಹುಡುಕಿದನೆಂದು ಕಾಣುತ್ತದೆ. "ಸಿಸ್ಟಂನಲ್ಲಿ ಆ ಆಪ್ಷನ್ ಇಲ್ಲ ಸರ್," ಎಂದ.

ದಾವಲಸಾಬ್ ನಡುವೆ ಬಾಯಿ ಹಾಕಿದ. "ಒಂದ್ ರೌಂಡ್ ನಿಮ್ಮವರು ಯಾರರೆ ಬಂದು ಸಪ್ಪಳ ಕೇಳ್ರಿ ಸಾಹೇಬ್ರ."

"ಜಾಬ್ ಕಾರ್ಡಲ್ಲಿ ಬರ್ಕೋತೀನಿ. ಎಂಟು ದಿನ ಬಿಟ್ಟು ಸ್ಲಾಟ್ ಇದೆ."

ನನ್ನನ್ನು ಸರಿಯಾಗಿ ಬಿಚ್ಚುವ ಪದ್ಧತಿ ಇದ್ದ ಜಾಗ ಸುತ್ತಮುತ್ತ ಅದೊಂದೇ. ಅಲ್ಲಿ ಲಾರಿಯ ಕೆಳಗೆ ಬಗ್ಗಿ ನೋಡುವವನು ಸಿಗಲಿಲ್ಲ. ಬಗ್ಗಿ ನೋಡುವುದಕ್ಕೆ ಎಂಟು ದಿನ ಬೇಕಿತ್ತು. ನಾವು ಹಿಂದಿರುಗಿದೆವು.

ಮಂಗಳವಾರ ಇಳಕಲ್ಲಿನ ಲಾರಿ ನಿಲ್ದಾಣದಲ್ಲಿ ಒಂದು ಶಾಮಿಯಾನ ಎದ್ದಿತ್ತು. ಯಾವುದೋ ಎಣ್ಣೆ ಮಾರುವವರು ಉಚಿತ ತಪಾಸಣೆ ಎಂದು ಬರೆಸಿ ಕೂತಿದ್ದರು. ತಪಾಸಣೆ ಎಂದರೆ ಎಲ್ಲ ಲಾರಿಗಳ ಬೆನ್ನಿಗೂ ಒಂದು ಸ್ಟಿಕ್ಕರ್ ಅಂಟಿಸುವುದು, ಮಾಲೀಕರಿಗೆಲ್ಲ ಒಂದು ಟೋಪಿ ಕೊಡುವುದು. ಮಾರುವವನು ಗಾಜಿನ ಲೋಟದಲ್ಲಿ ಕೆಂಪು ಎಣ್ಣೆಯನ್ನು ಎತ್ತಿ ಸುರಿದು ತೋರಿಸಿದನೆಂದು ಮೇಲಿನ ಮಾತಿನಿಂದ ತಿಳಿಯಿತು.

"ಏನ್ ಬಣ್ಣಾ ಅಂತೀನಿ! ಕುಂಕುಮ ಕಲಿಸಿದಂಗ ಐತಲ್ಲೋ," ಎಂದ ಗುರುಪಾದಪ್ಪ.

"ಸಾವ್ಕಾರ್ರ, ಒಳಗ ಹೋದ ಮ್ಯಾಲೆ ಅದರ ಬಣ್ಣಾ ಯಾರು ನೋಡ್ತಾರ್ರಿ?"

"ದೇವರು ನೋಡ್ತಾನ."

ಎಣ್ಣೆಗೆ ದಪ್ಪವಿದೆ, ಶಾಖ ತಡೆಯುವ ಶಕ್ತಿಯಿದೆ, ಹಲ್ಲಿನ ಚಕ್ರಕ್ಕೆ ಹೊಂದುವ ಗುಣವಿದೆ. ಇವೆಲ್ಲ ಡಬ್ಬದ ಮೇಲೆ ಅಚ್ಚಾಗಿದ್ದವು. ಗುರುಪಾದಪ್ಪ ಡಬ್ಬವನ್ನು ತಿರುಗಿಸಲೂ ಇಲ್ಲ. ಅದು ಕ್ರೌನಿಗೆ ಹಾಕುವ ಎಣ್ಣೆಯೇ ಆಗಿದ್ದದ್ದು ಶುದ್ಧ ಆಕಸ್ಮಿಕ. ಎರಡು ಡಬ್ಬ ಎತ್ತಿ ಲಾರಿಯಲ್ಲಿ ಇಟ್ಟ. ಹಾಕುವವರು ಯಾರು ಎಂದು ಕೇಳಿದ್ದಕ್ಕೆ ಶಾಮಿಯಾನದವನು, ನಾವು ಮಾರೋದಷ್ಟೇ ಅಣ್ಣಾ, ಎಂದ.

ಬುಧವಾರ ಮಾನಪ್ಪನ ಶೆಡ್ಡು. ಗಾಜಿನ ಮನೆಗೆ ಹೋಗಿ ಬಂದ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಟೈರಿನ ಚಪ್ಪಲಿ ಹಾಕಿದ ಅವನ ಕಾಲುಗಳು ನಮ್ಮ ಕಡೆ ಹಿಮ್ಮಡಿ ಮಾಡಿ ಕೂತಿದ್ದವು.

"ಬಾ ಮಾಮಾ, ಚಾ ಕುಡೀಯೂಣು," ಎಂದ ಗುರುಪಾದಪ್ಪ.

"ಎ.ಸಿ. ಒಳಗಿನ ಚಾ ಕುಡದವರಿಗೆ ನಮ್ಮ ಚಾ ರುಚಿಸತೈತನಪಾ?"

"ಹಂಗ್ಯಾಕಂತಿ ಮಾಮಾ. ಸುಮ್ನ ನೋಡಿ ಬಂದ್ವಿ."

"ನೋಡ್ರಿ ನೋಡ್ರಿ. ನಿಮ್ಮಪ್ಪನ ಟ್ರ್ಯಾಕ್ಟರಿನ ಎದಿ ಬಿಚ್ಚಿ ಕೂಡಿಸಿದ ಕೈ ಇದು. ಈಗ ಮುಪ್ಪಾತು. ಬೂಟ್ ಹಾಕ್ಕೊಂಡವರು ಬಂದಾರ, ಅವರ ಕಡೆ ಹೋಗ್ರಿ."

ಒಂದು ಲೋಟ ಚಹಾ ಆರುವಷ್ಟರಲ್ಲಿ ನಿರ್ಧಾರವಾಯಿತು. ಮೂರು ದಿನದ ಹುಡುಕಾಟ ಕೊನೆಗೆ ನಿಂತದ್ದು ಎಣ್ಣೆಯ ಮೇಲಲ್ಲ, ಸಲಕರಣೆಯ ಮೇಲಲ್ಲ, ಕೆಲಸದ ಪದ್ಧತಿಯ ಮೇಲೂ ಅಲ್ಲ; ಮುನಿಸಿಕೊಂಡ ಒಬ್ಬ ಮುದುಕನ ಹಿಮ್ಮಡಿಯ ಮೇಲೆ. "ನಿನ್ನ ಬಿಟ್ಟು ಬ್ಯಾರೆ ಯಾರ ಕೈಯಾಗ ಕೊಡ್ಲಿ ಮಾಮಾ," ಎಂದ ಗುರುಪಾದಪ್ಪ. ಹಿಮ್ಮಡಿಗಳು ತಿರುಗಿದವು. ಕೈಪಂಪು ಬಂತು. ಮೇಲಿನ ತೂತಿನ ಬೋಲ್ಟನ್ನು ಬಿಚ್ಚುವ ಸಪ್ಪಳವಾಯಿತು.

ದಾವಲಸಾಬ್ ನನ್ನೆದುರು ಕುಕ್ಕರಗಾಲಿನಲ್ಲಿ ಕೂತ. ಎಂಟು ವರ್ಷಗಳಲ್ಲಿ ಅವನ ಮುಖವನ್ನು ನಾನು ಕಂಡದ್ದು ಅದೇ ಮೊದಲು. ಕಣ್ಣುಗಳು ಕೆಂಪಾಗಿದ್ದವು, ನಿದ್ದೆ ಮಾಡಿರಲಿಲ್ಲವೇನೋ.

"ಮೇಸ್ತ್ರಿ, ಈ ಸಲ ಕೆಳಗಿನ ಪ್ಲಗ್ ಬಿಚ್ಚರಿ."

"ಅದರ ತಂಟೆ ಬ್ಯಾಡ. ಎಂಟು ವರ್ಷ ಸುಮ್ನ ಕುಂತೈತಿ. ಕುಂತದ್ದನ್ನ ಎಬ್ಬಿಸಿದ್ರ ಸೋರಾಕ ಚಾಲೂ ಆಕ್ಕೈತಿ."

"ತಳಾ ಕಾಣಸಬಾರದೋ ದಾವಲ," ಎಂದು ಗುರುಪಾದಪ್ಪ ಸೇರಿಸಿದ.

ದಾವಲಸಾಬ್ ಜೇಬಿನಿಂದ ಚಾವಿ ತೆಗೆದು ನೆಲದ ಮೇಲೆ, ನನ್ನ ನೇರ ಕೆಳಗೆ ಇಟ್ಟ. ದನಿ ಏರಿಸಲಿಲ್ಲ.

"ಹಂಗಾರ ಒಂದ್ ಮಾತು ಕೇಳ್ರಿ ಸಾವ್ಕಾರ್ರ. ಗಾಡಿ ನಾನಾ ಹೊಡೀತೀನಿ. ಆದ್ರ ನೀವು ನನ್ನ ಬಾಜೂಕ ಕುಂದರಬೇಕು. ಇಬ್ರೂ ಕೂಡಿ ಅರಬೈಲ್ ಇಳಿಯೂಣು. ಹೆಂಗೂ ಹೆಪ್ಪು ಒಳಗ ಐತಿ, ಅಂಜೂದು ಯಾಕ?"

ಗುರುಪಾದಪ್ಪನ ಬಲಗಾಲಿನ ಹೆಬ್ಬೆರಳು ಚಪ್ಪಲಿಯ ಉಂಗುಟದೊಳಗೆ ಎರಡು ಸಲ ಮಡಚಿಕೊಂಡು ಬಿಚ್ಚಿಕೊಂಡಿತು. "ನಾಳಿ ನೋಡೂಣಂತ," ಎಂದು ಅವನು ಮನೆಗೆ ಹೋದ. ಚಾವಿ ನನ್ನ ಕೆಳಗೆ ಬಿದ್ದೇ ಇತ್ತು.

ಗುರುವಾರ ಬೆಳಿಗ್ಗೆ ಶೆಡ್ಡಿಗೆ ಮೊದಲು ಬಂದವನು ಗುರುಪಾದಪ್ಪ. ಮಾನಪ್ಪ ಬಂದು ಬೀಗಕ್ಕೆ ಕೈ ಹಾಕುತ್ತಿದ್ದಂತೆಯೇ ಅವನು ಹೇಳಿದ: "ಬಿಚ್ಚಿಬಿಡು ಮಾಮಾ ಅದನ್ನ."

ಎಂಟು ವರ್ಷ ಕಾಪಾಡಿದ ಸಿದ್ಧಾಂತ ಒಂದು ಸೀಟಿನ ಅಂತರದಲ್ಲಿ ಕರಗಿತು. ಘಾಟಿಯಲ್ಲಿ ದಾವಲಸಾಬ್ ಒಬ್ಬನೇ ಇದ್ದಾಗ ಹೆಪ್ಪು ಅಗತ್ಯವಾಗಿತ್ತು. ತಾನೂ ಕೂರಬೇಕೆಂದಾಗ ಅಗತ್ಯ ಉಳಿಯಲಿಲ್ಲ.

ಪಾನಾ ಮೂರು ಸಲ ಜಾರಿತು. ನನ್ನ ತಲೆಯ ಆರು ಮುಖಗಳಲ್ಲಿ ನಾಲ್ಕು ಸವೆದು ದುಂಡಗಾದವು. ಆಮೇಲೆ ಪೈಪ್ ಪಾನಾ ಕಚ್ಚಿಸಿ, ಅದರ ಹಿಡಿಗೆ ಎರಡು ಮೊಳದ ಕಬ್ಬಿಣದ ಕೊಳವೆ ತೂರಿಸಿ, ದಾವಲಸಾಬ್ ಮತ್ತು ಮಾನಪ್ಪ ಕೂಡಿ ಜಗ್ಗಿದರು. ನಾನು ಕಿರುಚಿಕೊಂಡು ಹೊರಬಂದೆ. ಹಿಂದೆಯೇ ಎಣ್ಣೆ ಬಂತು. ಮೊದಲು ಕಪ್ಪಗೆ, ಆಮೇಲೆ ಕೆರೆಯ ತಳದ ರಾಡಿಯಂತೆ ಮಂದವಾಗಿ, ಕೊನೆಗೆ ಬೂದಿ ಬಣ್ಣದಲ್ಲಿ ಮಿನುಗುತ್ತ. ಆ ಮಿನುಗು ಉಕ್ಕಿನದು.

ಮಾನಪ್ಪ ನನ್ನನ್ನು ಬಿಸಿಲಿಗೆ ಹಿಡಿದ. ನನ್ನ ತುದಿಯಲ್ಲಿ ಕಬ್ಬಿಣದ ಪುಡಿ ಸಜ್ಜೆಯ ತೆನೆಯಂತೆ ಒತ್ತೊತ್ತಾಗಿ ನಿಂತಿತ್ತು. ಅದರ ನಡುವೆ, ತೆನೆಯೊಳಗೆ ಸಿಕ್ಕಿದ ಹರಳಿನಂತೆ, ಕಡಲೆಕಾಳಿನ ಗಾತ್ರದ ಒಂದು ಹಲ್ಲಿನ ಚೂರು. ಮುರಿದ ಮೈ ಇನ್ನೂ ಹೊಳೆಯುತ್ತಿತ್ತು. ಮುರಿದು ಬಹಳ ದಿನವಾಗಿರಲಿಲ್ಲ. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಮೂವರು ನನ್ನನ್ನು ಓದಿದರು.

"ನಾ ಮೊದ್ಲಿಂದ್ಲೂ ಹೇಳ್ತಿದ್ದೆ," ಎಂದ ಮಾನಪ್ಪ, ಯಾರ ಮುಖವನ್ನೂ ನೋಡದೆ.

"ಹೆಪ್ಪು ಕೆಟ್ಟಿತ್ತು ಕಾಣತೈತಿ," ಎಂದ ಗುರುಪಾದಪ್ಪ.

ದಾವಲಸಾಬ್ ಚೂರನ್ನು ಉಗುರಿನಿಂದ ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟ. "ಇದರ ಮ್ಯಾಲೆ ಹೊಂಟಿದ್ದೆ ನಾ," ಎಂದ. ಆಮೇಲೆ ಅದನ್ನು ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿಕೊಂಡ.

ಹೊಟ್ಟೆಯನ್ನು ಪೂರ್ತಿ ಬಿಚ್ಚಿದರು. ಒಂದು ಹಲ್ಲಿನ ಮೂಲೆ ಹಾರಿತ್ತು, ಪಕ್ಕದ ಮೂರು ಬಿರುಕುಬಿಟ್ಟಿದ್ದವು. ಹೊಸ ಚಕ್ರಗಳ ಜೋಡಿ ಬಂದು ಕೂರುವಷ್ಟರಲ್ಲಿ ಮುಂದಿನ ಮಂಗಳವಾರವಾಯಿತು. ತಲೆ ಸವೆದ ನನ್ನ ಜಾಗಕ್ಕೆ ಬೇರೊಂದು ಪ್ಲಗ್ ಬಂತು. ಕುಂಕುಮದ ಬಣ್ಣದ ಎಣ್ಣೆ ಸುರಿದರು.

ಹೊರಡುವ ಮೊದಲು ಲಾರಿಯ ಪೂಜೆಗೆ ಗುರುಪಾದಪ್ಪನ ತಾಯಿ ನಿಂಬೆವ್ವ ಶೆಡ್ಡಿಗೆ ಬಂದಳು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತ, ಇಷ್ಟು ದಿನ ಲಾರಿ ಇಲ್ಲಿ ಯಾಕೆ ನಿಂತಿತ್ತೆಂದು ಕೇಳಿದಳು. ಮಗ ಹೆಪ್ಪಿನ ಕಥೆ ಹೇಳಿದ. ಮುದುಕಿ ನಿಂಬೆಹಣ್ಣು ಹಿಡಿದ ಕೈಯನ್ನು ಹಾಗೆಯೇ ಸೊಂಟಕ್ಕೆ ಇಟ್ಟಳು.

"ಹೆಪ್ಪು ತಗದು ಬ್ಯಾರೆ ಇಟ್ಟು, ಗಡಿಗಿ ಬೂದಿ ಹಚ್ಚಿ ತಿಕ್ಕಿ, ತೊಳದು, ಬಿಸಲಿಗೆ ಬೋರಲ ಹಾಕ್ತಿದ್ದೆನೋ ಮೂಳಾ! ಹೊಲಸು ಗಡಿಗ್ಯಾಗ ಯಾರು ಹೆಪ್ಪು ಹಾಕ್ತಾರ?"

"ನೀ ಅದನ್ನ ಹೇಳಿದ್ದಿಲ್ಲಬೇ."

"ನೀ ಯಾವಾಗರೆ ಒಲಿ ಕಡೆ ಹಣಿಕಿ ಹಾಕಿ ನೋಡಿದ್ದೇನು?"

ದಾವಲಸಾಬ್ ಮೇಲಿನಿಂದ ಕೂಗಿದ. "ಬರ್ರಿ ಸಾವ್ಕಾರ್ರ, ಸೀಟ್ ಒರಸೀನಿ. ಇನ್ಮ್ಯಾಲೆ ಘಾಟ್ ಇದ್ದಾಗೆಲ್ಲಾ ಹಿಂಗಾ. ನೀವು ಏರಿದ್ರ ನಾ ಏರತೀನಿ." ಗುರುಪಾದಪ್ಪ ಏರಿದ. ಎಂಟು ದಿನದ ಮೇಲೆ ಇಬ್ಬರೂ ಹಿಂದಿರುಗಿದರು, ಯಾವ ಅಪಾಯವೂ ಇಲ್ಲದೆ.

ಮಾನಪ್ಪ ನನ್ನ ಕೊರಳಿಗೆ ತಂತಿ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿದ. ಎಣ್ಣೆಯ ತಟ್ಟೆಗೆ ನಟ್ಟು ಬಿದ್ದಾಗ ನನ್ನನ್ನು ಇಳಿಬಿಟ್ಟು ಅದನ್ನು ಮೇಲೆತ್ತುತ್ತಾನೆ. ಹನ್ನೊಂದು ವರ್ಷ ಒಂದು ಯಂತ್ರದ ಆರೋಗ್ಯವನ್ನು ದಾಖಲಿಸಿದವನಿಗೆ ಇದು ದೊಡ್ಡ ಹುದ್ದೆಯಲ್ಲ. ಆದರೆ ಇಲ್ಲಿಂದ ಮನುಷ್ಯರ ಮುಖಗಳೂ ಕಾಣುತ್ತವೆ. ಅದರಿಂದ ಹೊಸ ಮಾಹಿತಿಯೇನೂ ದೊರೆತಿಲ್ಲ.

ಈ ಮೂರು ವರ್ಷಗಳಲ್ಲಿ ಗುರುಪಾದಪ್ಪನ ಲಾರಿ ಕ್ರೌನಿನ ಎಣ್ಣೆಗಾಗಿ ಏಳು ಸಲ ಬಂದಿದೆ. ಬೇರೆಲ್ಲಿಗೂ ಹೋಗಿಲ್ಲ. ಜಾಗ ಇದೇ, ಮೇಸ್ತ್ರಿ ಇವನೇ, ಎಣ್ಣೆ ಅದೇ ಕೆಂಪು ಬಣ್ಣದ್ದು. ನಾಲ್ಕು ಸಲ ಅದು ಘಾಟಿಗೆ ಹೊರಟಿತ್ತು, ಗುರುಪಾದಪ್ಪ ಜೊತೆಯಲ್ಲಿ ಹೋಗುವವನಿದ್ದ. ಮೂರು ಸಲ ಸೊಲ್ಲಾಪುರದ ಬಯಲು ದಾರಿಗೆ ಹೊರಟಿತ್ತು, ದಾವಲಸಾಬ್ ಒಬ್ಬನೇ ಹೋಗುವವನಿದ್ದ, ಅವನೂ ಏನೂ ಕೇಳಲಿಲ್ಲ. ಪ್ರತಿ ಸಲವೂ ನಾನು ಮೊಳೆಯಿಂದ ನೋಡಿದ್ದೇನೆ. ಮಾಲೀಕ ಲಾರಿ ಏರುವ ದಿನ ತಳದ ಪ್ಲಗ್ ಬಿಚ್ಚಿ ಎಂಟು ಲೀಟರನ್ನೂ ಇಳಿಸುತ್ತಾರೆ. ಏರದ ದಿನ ಎರಡೂವರೆ ಲೀಟರ್ ಒಳಗೆ ಉಳಿಯುತ್ತದೆ.